ಅಶ್ಮರಿಯೂ ಮನೆಯ ಮದ್ದೂ

ಅಶ್ಮವೆಂದರೆ ಕಲ್ಲು, ಮೂತ್ರಮಾರ್ಗದಲ್ಲಿ ಹುಟ್ಟುವ ಕಲ್ಲನ್ನು ಪ್ರಾಚೀನರು ಅಶ್ಮರಿಯೆಂದು ಕರೆದರು. ಹೊಸ ಗಡಿಗೆಯಲ್ಲಿರಿಸಿದ ತಿಳಿನೀರಿನಲ್ಲಿಯೂ ಕಾಲಾಂತರದಲ್ಲಿ ಕೆಸರು ತಂಗುವಂತೆ ಇದು ಹುಟ್ಟುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಈ ಉಪಮಾನವು ಇಂದಿಗೂ ಒಪ್ಪತಕ್ಕದ್ದೇ. ಬೆವರು ಹೆಚ್ಚಿ, ಕುಡಿಯುವ ನೀರು ಕಡಮೆಯಾದಲ್ಲಿ, ಮೂತ್ರವು ಸಾಂದ್ರವಾಗಿ ಅದರೊಳಗಿನ ಸುಣ್ಣದ ಅಂಶವೂ ಆಕ್ಸಲೇಟೆಂಬ ಲವಣವೂ ಕೂಡಿ ಹರಳುಗಟ್ಟುವುವು. ಈ ಹರಳು ಮೂತ್ರಪಿಂಡದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡಾಗ ದುಸ್ಸಹವಾದ ಶೂಲೆಯುಂಟಾಗುವುದು.

ಆದಕಾರಣ ಮನೆಮದ್ದುಗಳಲ್ಲಿ ಅಗ್ರಗಣ್ಯವಾದುದು ನೀರೇ. ವೈದ್ಯರ ನಿಷೇಧವಿಲ್ಲದವರು ದಿನಕ್ಕೆ 2½ ಲೀಟರಿನಷ್ಟು ಮೂತ್ರವಿಳಿಯುವಂತೆ ನೀರು ಕುಡಿಯತಕ್ಕದ್ದು. ನಿಂಬೆಯ ರಸದಲ್ಲಿರುವ ಸಿಟ್ರೇಟು ಹರಳುಗಟ್ಟುವುದನ್ನು ತಡೆಯುವುದು. ಆದರೆ ಅದಕ್ಕೆ ಉಪ್ಪು ಬೆರಸಬಾರದು, ಉಪ್ಪು ಹೆಚ್ಚಿದಂತೆ ಮೂತ್ರದಲ್ಲಿ ಸುಣ್ಣದ ಅಂಶವೂ ಹೆಚ್ಚುವುದು. ಕಲ್ಲಿನಲ್ಲಿ ಸುಣ್ಣವಿದೆಯೆಂದು ಹಾಲುಮಜ್ಜಿಗೆಗಳನ್ನು ಬಿಡುವುದೂ ತಪ್ಪು. ಊಟದೊಡನೆ ಸೇವಿಸಿದ ಅವು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡುವುವು.

ಹುರುಳಿಯ ಕಟ್ಟು, ಬಾಳೆದಿಂಡಿನ ರಸಗಳಿಂದ ಕಲ್ಲು ಬಿದ್ದಿತೆಂದು ಹೇಳುವವರುಂಟು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಹೊರಬೀಳುವುವೆಂಬುದನ್ನು ಅವರು ಮರೆಯಬಾರದು. ದೊಡ್ಡ ಕಲ್ಲಿಗೆ ಇವನ್ನೇ ನೆಚ್ಚಿ ಕುಳಿತಿರುವುದು ಅವಿವೇಕ.

ಶೂಲೆಯೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಒಲೆಯ ಮೇಲಿನ ಕಷಾಯವನ್ನು ಅಲ್ಲಿಯೇ ಬಿಟ್ಟು ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲೆಂದು ಕಾಯುವುದರಿಂದ ಪ್ರಾಣಕ್ಕೇ ಅಪಾಯವುಂಟು.