‘ಫಸ್ಟ್ ಓನರ್ ಐತ್ರಿ’ ಅಂದ್ರೆ ಸಾಕಾ? ಹಳೇ ಪಿಕಪ್ ಕೊಳ್ಳೋ ಮುಂಚೆ ನೋಡಬೇಕಾದ ಲೆಕ್ಕ

ಗದಗ-ಬೆಟಗೇರಿಯಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೇಳಿಕೊಂಡು ಹೋದರೆ, ಇಂಜಿನ್ ಸುದ್ದಿ ಬರೋಕೂ ಮೊದಲು ಒಂದು ಮಾತು ಕಿವಿಗೆ ಬೀಳುತ್ತೆ: ‘ಫಸ್ಟ್ ಓನರ್ ಗಾಡಿ ಐತ್ರಿ ಸರ, ಕಣ್ ಮುಚ್ಚಿ ತಗೋರಿ.’ ಮೂರನೇ ಓನರ್ ಅಂದ ಕೂಡಲೇ ಕೊಳ್ಳೋರ ಮುಖ ಸಣ್ಣದಾಗುತ್ತೆ, ರೇಟೂ ಇಳಿಯುತ್ತೆ. ಕಾರಿನ ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಸರಿ ಇರಬಹುದು. ದುಡಿಯೋ ಗಾಡಿಗೆ ಮಾತ್ರ ಇದು ಅರ್ಧ ಲೆಕ್ಕ.

ನನ್ನಂಥ ಎಷ್ಟೋ ಜನರ ಮನೆಯಲ್ಲಿ ಪರಿಸ್ಥಿತಿ ಒಂದೇ. ನಾವು ಬೆಂಗಳೂರಿನಲ್ಲೋ ಪುಣೆಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀವಿ. ಊರಲ್ಲಿ ತಮ್ಮನೋ ಕಾಕಾನ ಮಗನೋ ‘ಒಂದು ಗಾಡಿ ಹಾಕ್ತೀನಿ’ ಅಂತಾನೆ. ಅಡ್ವಾನ್ಸ್ ದುಡ್ಡು ನಮ್ಮ ಅಕೌಂಟಿನಿಂದ, ಸಾಲಕ್ಕೆ ಜಾಮೀನು ಸಹಿ ನಮ್ಮದು, ಗಾಡಿ ನೋಡೋದು ಮಾತ್ರ ಅವರು. 2024ರಲ್ಲಿ ಮುಂಡರಗಿಯ ನಮ್ಮ ಕಾಕಾ ಫೋನ್ ಮಾಡಿದ್ದೂ ಇದಕ್ಕೇ: ‘ತಮ್ಮಾ, ಎರಡು ಪಿಕಪ್ ನೋಡೇವಿ. ನಂಬರ್ ಕಳಸ್ತೀನಿ, ಆನ್‌ಲೈನ್‌ದಾಗ ಏನ್ ಬರ್ತದ ನೋಡಿ ಹೇಳು.’ ಕಾಕಾ ಹತ್ತು ವರ್ಷ ಕೂಡಿಟ್ಟ ದುಡ್ಡು ಅದು. ಅವರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ. ಗಾಡಿ ಕೈಕೊಟ್ಟರೆ ದುಡ್ಡಿನ ಜೊತೆ ಅವನ ಧೈರ್ಯವೂ ಹೋಗುತ್ತಿತ್ತು.

ಎರಡು ಗಾಡಿ, ಎರಡು ಜಾತಕ

ಎರಡೂ ಒಂದೇ ಕಂಪನಿಯವು. ಮೊದಲನೆಯದು 2017ರ ಮಾಡೆಲ್, ಆರ್‌ಸಿಯಲ್ಲಿ ಒಬ್ಬನೇ ಓನರ್, ಮೀಟರ್‌ನಲ್ಲಿ 82 ಸಾವಿರ ಕಿಲೋಮೀಟರ್, ಹೊಸ ಪೇಂಟ್. ಕೇಳಿದ್ದು 4 ಲಕ್ಷ 10 ಸಾವಿರ. ಎರಡನೆಯದು 2016ರದು, ಮೂರನೇ ಓನರ್, ಮೀಟರ್‌ನಲ್ಲಿ 1 ಲಕ್ಷ 48 ಸಾವಿರ, ಬಾಗಿಲ ಮೇಲೆ ಗೀರು. ಕೇಳಿದ್ದು 3 ಲಕ್ಷ 80 ಸಾವಿರ. ಯಾರನ್ನು ಕೇಳಿದರೂ ಮೊದಲನೆಯದನ್ನೇ ತೋರಿಸ್ತಿದ್ದರು.

ಕೋಡ್ ಬರೆಯೋರಿಗೆ ಒಂದು ಅಭ್ಯಾಸ ಇರುತ್ತೆ. ಹಳೇ ಪ್ರಾಜೆಕ್ಟ್ ಕೈಗೆ ಬಂದರೆ ಎಷ್ಟು ಜನ ಮುಟ್ಟಿದ್ದಾರೆ ಅನ್ನೋದಕ್ಕಿಂತ, ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅಂತ ನೋಡ್ತೀವಿ. ಗಾಡಿಗೂ ಅದೇ ಪ್ರಶ್ನೆ ಹಾಕಿದರೆ ಸಾಕು.

ಎರಡನೇ ಗಾಡಿಯ ಮೊದಲ ಓನರ್ ಬೆಟಗೇರಿಯ ಸೀರೆ ವ್ಯಾಪಾರಿ. ಅವರು 2018ರಲ್ಲಿ ತೀರಿಕೊಂಡ ಮೇಲೆ ಗಾಡಿ ಮಗನ ಹೆಸರಿಗೆ ಬಂತು. ಹೀಗೆ ವಾರಸುದಾರರ ಹೆಸರಿಗೆ ಮಾಡಿಸೋದು ಫಾರ್ಮ್ 31ರಲ್ಲಿ. ಗಾಡಿ ಅದೇ ಮನೆಯಲ್ಲಿ, ಅದೇ ಡ್ರೈವರ್ ಕೈಯಲ್ಲಿ ಇತ್ತು, ಆದರೂ ಆರ್‌ಸಿಯಲ್ಲಿ ‘ಎರಡನೇ ಓನರ್’ ಅಂತ ಆಯ್ತು. 2020ರಲ್ಲಿ ಹಾಲಿನ ವ್ಯಾಪಾರಿಯೊಬ್ಬರು ಕೊಂಡರು, ಅವರೇ ಮೂರನೆಯವರು. ಈಗ ದೊಡ್ಡ ಗಾಡಿ ತಗೊಂಡಿದ್ದಕ್ಕೆ ಇದನ್ನು ಮಾರ್ತಿದ್ದರು. ಮೂರೂ ಕೈ ಬದಲಾದದ್ದಕ್ಕೆ ಕಾರಣ ಸಿಕ್ಕಿತು, ಕಾರಣಕ್ಕೆ ಕಾಗದವೂ ಸಿಕ್ಕಿತು.

ಕಿಲೋಮೀಟರ್ ಲೆಕ್ಕವೂ ಕೂಡಿಬಂತು. 2020ರ ಸರ್ವಿಸ್ ಬಿಲ್‌ನಲ್ಲಿ 52 ಸಾವಿರ ಇತ್ತು. ಹಾಲಿನ ರೂಟ್ ದಿನಕ್ಕೆ ಹೆಚ್ಚುಕಡಿಮೆ 65 ಕಿಲೋಮೀಟರ್. ಹಾಲಿಗೆ ರಜೆ ಇಲ್ಲ, ಹಾಗಾಗಿ ವರ್ಷಕ್ಕೆ 23,700ರ ಆಸುಪಾಸು, ನಾಲ್ಕು ವರ್ಷಕ್ಕೆ 95 ಸಾವಿರ. ಎರಡೂ ಕೂಡಿಸಿದರೆ 1 ಲಕ್ಷ 47 ಸಾವಿರ. ಮೀಟರ್ ಸುಳ್ಳು ಹೇಳ್ತಿರಲಿಲ್ಲ.

ಮೊದಲನೇ ಗಾಡಿಯದು ಬೇರೆ ಕಥೆ. ಅದರ ಕೊನೆಯ ಸರ್ವಿಸ್ ಬಿಲ್ 2021ರ ಫೆಬ್ರುವರಿಯದು, ಆಗಲೇ 71 ಸಾವಿರ. ನಾಲ್ಕು ವರ್ಷದಲ್ಲಿ 71 ಸಾವಿರ ಓಡಿದ ಗಾಡಿ ಮುಂದಿನ ಮೂರು ವರ್ಷದಲ್ಲಿ ಬರೀ 11 ಸಾವಿರ ಓಡಿತಾ? ಆರ್‌ಸಿಯಲ್ಲಿದ್ದ ಹುಬ್ಬಳ್ಳಿಯ ಓನರ್‌ಗೆ ಕಾಕಾ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ಉತ್ತರ: ‘ಅದನ್ನ ನಾ ಮಾರಿ ಮೂರ್ ವರ್ಷ ಆತಲ್ರೀ ಯಜಮಾನ್ರ! ಇನ್ನೂ ನನ್ನ ಹೆಸರಿನ್ಯಾಗ ಐತೇನು?’

ಕಾಗದದಲ್ಲಿ ಒಬ್ಬ, ರೋಡಿನಲ್ಲಿ ನಾಲ್ವರು

‘ಫಸ್ಟ್ ಓನರ್’ ಅನ್ನೋ ಮಾತಿನ ದೊಡ್ಡ ತೂತು ಇದೇ. ಮಾರುವವರು ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಕೊಳ್ಳೋರ ಹೆಸರಿನ ಜಾಗ ಖಾಲಿ ಬಿಟ್ಟು ಕೊಡ್ತಾರೆ. ಗಾಡಿ ಏಜೆಂಟ್ ಕೈಗೆ, ಅಲ್ಲಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಗುತ್ತೆ. ಯಾರೂ ಹೆಸರು ಬದಲಾಯಿಸಲ್ಲ. ಖರ್ಚು ಉಳೀತು ಅಂತ ಅವರ ಲೆಕ್ಕ, ಜೊತೆಗೆ ‘ಫಸ್ಟ್ ಓನರ್’ ಅನ್ನೋ ಬಿರುದೂ ಉಳಿಯಿತು.

ಮೋಟಾರು ವಾಹನ ಕಾಯ್ದೆ 1988ರ 50ನೇ ಸೆಕ್ಷನ್ ಪ್ರಕಾರ, ಗಾಡಿ ರಾಜ್ಯದೊಳಗೇ ಕೈ ಬದಲಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೇ ಸಾಕ್ಷಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅನ್ನೋ ಆ ಕೇಸಿನಲ್ಲಿ ಗಾಡಿ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆಯೇ ಅಂತ ಕೋರ್ಟ್ ಹೇಳಿತು.

ಹಂಗಂದ್ರೆ ಕೊಳ್ಳೋರಿಗೆ ಏನೂ ಚಿಂತೆ ಇಲ್ಲ ಅಂತಲ್ಲ. ನೀವು ದುಡ್ಡು ಕೊಡ್ತಿರೋದು ಕಾನೂನಿನ ಲೆಕ್ಕದಲ್ಲಿ ಮಾಲೀಕನೇ ಅಲ್ಲದವರಿಗೆ. ಅಸಲಿ ಓನರ್ ಸಿಗದಿದ್ದರೆ, ಸತ್ತು ಹೋಗಿದ್ದರೆ, ‘ನಾ ಸಹಿ ಮಾಡಂಗಿಲ್ಲ’ ಅಂದರೆ, ಗಾಡಿ ನಿಮ್ಮ ಅಂಗಳದಲ್ಲಿರುತ್ತೆ, ಹೆಸರು ಮಾತ್ರ ಬರಲ್ಲ. ಹೆಸರು ಬರದಿದ್ದರೆ ಇನ್ಶೂರೆನ್ಸ್ ಕ್ಲೈಮ್ ಮಾಡೋದೂ, ಮುಂದೆ ಮಾರೋದೂ ಕಷ್ಟ.

ಯಾವ ಲೋಡ್ ಹೊತ್ತಿತ್ತು?

ಓನರ್ ಯಾರು ಅನ್ನೋದಕ್ಕಿಂತ ಅವರ ದಂಧೆ ಏನು ಅನ್ನೋದು ಹೆಚ್ಚು ಹೇಳುತ್ತೆ. ನಮ್ಮ ಜಿಲ್ಲೆಯಲ್ಲೇ ನೋಡಿ:

• ಬೆಟಗೇರಿಯ ಸೀರೆ ಗಂಟು: ಜಾಗ ಜಾಸ್ತಿ, ತೂಕ ಕಡಿಮೆ. ಚಾಸಿಗೂ ಪಾಟಾಕ್ಕೂ ಅಷ್ಟು ಶ್ರಮ ಇಲ್ಲ.

• ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳ ಪೇಪರ್: ನೋಡೋಕೆ ಅರ್ಧ ಲೋಡ್, ತೂಕ ಫುಲ್ ಲೋಡ್. ಹಿಂದಿನ ಪಾಟಾ ಚಪ್ಪಟೆ ಆಗಿದೆಯಾ ನೋಡಿ.

• ಎಪಿಎಂಸಿ ಉಳ್ಳಾಗಡ್ಡಿ, ಹೆಸರು, ಮೆಣಸಿನಕಾಯಿ: ಸೀಸನ್‌ನಲ್ಲಿ ಮಿತಿ ಮೀರಿದ ಲೋಡ್, ಉಳಿದ ತಿಂಗಳು ಆರಾಮ.

• ಹಾಲು: ದಿನಾ ಓಟ, ಪದೇ ಪದೇ ನಿಲುಗಡೆ. ಕ್ಲಚ್ ಮತ್ತು ಬ್ರೇಕ್ ಸವೆದಿರುತ್ತೆ, ಆದರೆ ಹೊತ್ತು ಹೊತ್ತಿಗೆ ಓಡೋ ಗಾಡಿಯಾದ್ದರಿಂದ ಸರ್ವಿಸ್ ತಪ್ಪಿಸೋದು ಕಷ್ಟ.

• ಉಸುಕು: ಮುಂಡರಗಿ, ಶಿರಹಟ್ಟಿ ತಾಲ್ಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತೆ. ಹಸಿ ಉಸುಕು ಹೊತ್ತ ಗಾಡಿಯ ಬಾಡಿ ಕೆಳಗಿನಿಂದ ತುಕ್ಕು ಹಿಡಿಯುತ್ತೆ. ಅದಕ್ಕಿಂತ ದೊಡ್ಡದು ಕೇಸ್. ಅಕ್ರಮ ಗಣಿಗಾರಿಕೆಗೆ ಬಳಸಿದ ವಾಹನವನ್ನು ಜಪ್ತಿ ಮಾಡೋಕೆ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಅಧಿಕಾರ ಇದೆ, ಕೋರ್ಟ್ ಆ ಗಾಡಿಯನ್ನು ಮುಟ್ಟುಗೋಲೂ ಹಾಕಬಹುದು. ‘ಈ ಗಾಡಿ ಮ್ಯಾಲೆ ಕೇಸ್ ಏನರ ಐತೇನ್ರಿ?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಕರಾರುಪತ್ರದಲ್ಲೂ ಬರೆಸಿ.

ಊರು ಮತ್ತು ವರ್ಷ ಕೂಡ ಸುಳಿವು ಕೊಡುತ್ತೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ಕಡೆಯ ಹಳ್ಳಿಗಳು ಮುಳುಗಿದ್ದವು. ಅದೇ ತಿಂಗಳು ಕೊಲ್ಲಾಪುರ, ಸಾಂಗ್ಲಿಯಲ್ಲೂ ಪ್ರವಾಹ, 2021ರ ಜುಲೈನಲ್ಲಿ ಮತ್ತೊಮ್ಮೆ. ಆ ಹೊತ್ತಿಗೆ ಗಾಡಿ ಆ ಕಡೆ ಇದ್ದರೆ ಸೀಟಿನ ಕೆಳಗಿನ ಬೋಲ್ಟ್, ಡ್ಯಾಶ್‌ಬೋರ್ಡ್ ಹಿಂದಿನ ವೈರಿಂಗ್, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣೋ ತುದಿ, ಇಷ್ಟನ್ನು ನೋಡಿ. ನೀರು ಹೊಕ್ಕಿದ್ದರೆ ಕೆಸರಿನ ಗುರುತು ಉಳಿದಿರುತ್ತೆ. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿಯೂ ಬೇಕು.

ಫೋನಿನಲ್ಲೇ ಆಗೋ ಕೆಲಸ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಫಿಟ್‌ನೆಸ್, ಇನ್ಶೂರೆನ್ಸ್ ಅವಧಿ ಸಿಗುತ್ತೆ. ಇ-ಚಲನ್ ಪೋರ್ಟಲ್‌ನಲ್ಲಿ ಬಾಕಿ ದಂಡ ನೋಡಿ. ದಂಡದ ಮೊತ್ತಕ್ಕಿಂತ ಅದು ಬಿದ್ದ ಊರು ಮುಖ್ಯ. ‘ಗಾಡಿ ಗದಗ ಬಿಟ್ಟು ಹೋಗಿಲ್ರಿ’ ಅಂದವರ ಗಾಡಿಗೆ ಬಳ್ಳಾರಿಯಲ್ಲಿ ದಂಡ ಬಿದ್ದಿದ್ದರೆ ಇನ್ನಷ್ಟು ಕೇಳಬೇಕು.

ಆಮೇಲೆ ಆರ್‌ಟಿಒದಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಓನರ್, ಸಾಲ, ತೆರಿಗೆ ಎಲ್ಲದರ ಅಧಿಕೃತ ದಾಖಲೆ ಅದು. ಆರ್‌ಸಿ ಕಾರ್ಡ್ ಹಳೆಯದಿರಬಹುದು, ವಾಟ್ಸಾಪ್‌ನಲ್ಲಿ ಬಂದ ಫೋಟೋ ಅಂತೂ ನಂಬೋ ಹಾಗೇ ಇಲ್ಲ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್ ಸಾಲು ಹುಡುಕಿ. ಕ್ಲೈಮ್ ಇಲ್ಲದ ಒಂದು ವರ್ಷಕ್ಕೆ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50%. ಹಲವು ವರ್ಷದಿಂದ ಒಬ್ಬರ ಕೈಯಲ್ಲೇ ಇರೋ ಗಾಡಿಗೆ ಬೋನಸ್ ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೈಮ್ ಆಗಿರಬೇಕು, ಇಲ್ಲಾ ಪಾಲಿಸಿ ಮಧ್ಯದಲ್ಲಿ ತಪ್ಪಿರಬೇಕು. ಯಾವುದು ಅಂತ ಕೇಳಿ. ಈ ಬೋನಸ್ ಗಾಡಿ ಜೊತೆ ನಿಮಗೆ ಬರಲ್ಲ, ಅದು ಮಾರುವವರದ್ದೇ.

ಸಾಲದ ಗೆರೆ

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಾಲ ಕೊಡುವಾಗ ಮನುಷ್ಯನ ಹಿಂದಿನ ನಡತೆ ನೋಡಬೇಕು ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಡಿಯ ಸಾಲಕ್ಕೂ ಅದೇ ಕಣ್ಣು ಬೇಕು.

ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ‘ಸಾಲ ಮುಗಿದೈತ್ರಿ’ ಅನ್ನೋ ಬಾಯಿಮಾತಿಗೆ ಬೆಲೆ ಇಲ್ಲ. ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆ ಹೆಸರನ್ನು ತೆಗೆಸಿರಬೇಕು. ಹಿಂದಿನ ಓನರ್‌ಗಳ ಸಾಲಿನಲ್ಲಿ ಫೈನಾನ್ಸ್ ಕಂಪನಿಯ ಹೆಸರೇ ಬಂದಿದ್ದರೆ, ಕಂತು ಕಟ್ಟದ್ದಕ್ಕೆ ಎಳೆದು ತಂದ ಗಾಡಿ ಇರಬಹುದು. ಕಂತಿಗೇ ದುಡ್ಡಿಲ್ಲದವರು ಆಯಿಲ್ ಬದಲಾಯಿಸಿರ್ತಾರಾ? ಅಂಥ ಗಾಡಿ ಬೇಡವೇ ಬೇಡ ಅಂತಲ್ಲ, ರಿಪೇರಿ ಖರ್ಚು ಲೆಕ್ಕ ಹಾಕಿ ರೇಟ್ ಮಾತಾಡಿ.

ಕೊನೆಗೆ ಯಾವುದು?

ಕಾಕಾ ಎರಡನೇ ಗಾಡಿ ತಗೊಂಡರು. ಮೂರನೇ ಓನರ್, ಜಾಸ್ತಿ ಕಿಲೋಮೀಟರ್, ಗೀರು ಬಿದ್ದ ಬಾಗಿಲು, ಎಲ್ಲಾ ಗೊತ್ತಿದ್ದೇ. ಸರಕು ಸಾಗಣೆ ಗಾಡಿಗೆ ಎಂಟು ವರ್ಷದವರೆಗೆ ಫಿಟ್‌ನೆಸ್ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2016ರ ಗಾಡಿಗೆ ಆ ಗಡುವು ಬಂದಿತ್ತು, ಕ್ಲಚ್ ಕೆಲಸವೂ ಇತ್ತು. ಎರಡನ್ನೂ ಮುಂದಿಟ್ಟು ಕಾಕಾ 25 ಸಾವಿರ ಇಳಿಸಿದರು. ಮೊದಲನೇ ಗಾಡಿ ಕೆಟ್ಟದ್ದು ಅಂತ ನಾವು ಸಾಬೀತು ಮಾಡಿಲ್ಲ. ಮಧ್ಯದ ಮೂರು ವರ್ಷ ಅದು ಯಾರ ಕೈಯಲ್ಲಿತ್ತು, ಏನು ಹೊತ್ತಿತ್ತು ಅನ್ನೋದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಮೂರು ವರ್ಷಕ್ಕೆ 4 ಲಕ್ಷ ಕೊಡೋಕೆ ಮನಸ್ಸಾಗಲಿಲ್ಲ, ಅಷ್ಟೇ.

ವ್ಯವಹಾರ ಮುಗಿಸುವಾಗ ಇಷ್ಟು ಮಾಡಿ. ಆರ್‌ಸಿಯಲ್ಲಿ ಹೆಸರಿರೋರನ್ನೇ ಎದುರಿಗೆ ಕೂರಿಸಿಕೊಂಡು, ದುಡ್ಡನ್ನು ಅವರ ಅಕೌಂಟಿಗೇ ಹಾಕಿ. ಫಾರ್ಮ್ 29, 30ರಲ್ಲಿ ನಿಮ್ಮ ಹೆಸರು, ದಿನಾಂಕ ಅಲ್ಲೇ ತುಂಬಿ. ಆರ್‌ಸಿ ಹೆಸರು ಬದಲಾಗೋವರೆಗೆ ಒಂದಿಷ್ಟು ದುಡ್ಡು ಉಳಿಸಿಕೊಳ್ಳೋದಾಗಿ ಮೊದಲೇ ಮಾತಾಡಿ. 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಕೊಡಿ. ಡೀಲರ್ ಹತ್ತಿರ ಕೊಳ್ಳೋದಾದರೆ ಆರ್‌ಟಿಒ ಕೊಟ್ಟ ಅಧಿಕಾರಪತ್ರ ತೋರಿಸಿ ಅನ್ನಿ. 2023ರ ಏಪ್ರಿಲ್‌ನಿಂದ ಹಳೇ ವಾಹನದ ಡೀಲರ್‌ಗಳಿಗೆ ಈ ನಿಯಮ ಇದೆ.

ಮುಂದಿನ ಸಲ ಊರಿಂದ ಗಾಡಿ ಫೋಟೋ ಬಂದಾಗ ‘ಎಷ್ಟನೇ ಓನರ್’ ಅಂತ ಕೇಳಿ, ತಪ್ಪಿಲ್ಲ. ಅದರ ಬೆನ್ನಿಗೇ ‘ಅವರು ಯಾಕ ಮಾರಿದ್ರು?’ ಅಂತಾನೂ ಕೇಳಿ. ಎರಡನೇ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ, ಮಿಸ್ತ್ರಿಯನ್ನು ಕರಕೊಂಡು ಹೋಗಿ ಗಾಡಿ ನೋಡಬಹುದು.