ಮರಿಗೆ ಬೆಲೆ ಬಂದ ಮೇಲೆ ಬೂತಾಯಿಯ ಪಾಡು

ಜೂನ್ ತಿಂಗಳಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಬೋಟುಗಳೆಲ್ಲ ಬಂದರಿನಲ್ಲಿ ಸಾಲುಗಟ್ಟಿ ನಿಂತಿರುವಾಗ, ಹೊರಗೆ ಕಡಲಿನಲ್ಲಿ ವರ್ಷದ ಅತಿ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಮುಂಗಾರಿನ ಗಾಳಿ ಪಶ್ಚಿಮ ಕರಾವಳಿಯುದ್ದಕ್ಕೂ ಮೇಲ್ಮೈ ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ನೀರು ಬಲಕ್ಕೆ ವಾಲಿ ತೀರದಿಂದ ದೂರ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರುತ್ತದೆ. ತಳದಲ್ಲಿ ವರ್ಷವಿಡೀ ಕೊಳೆತು ಕೂಡಿದ ನೈಟ್ರೇಟ್, ಫಾಸ್ಫೇಟ್‌ಗಳೆಲ್ಲ ಅದರ ಜೊತೆಗೇ ಬರುತ್ತವೆ. ಅವುಗಳಿಗೆ ಬಿಸಿಲು ತಾಗಿದರೆ ಸಾಕು, ಕಣ್ಣಿಗೆ ಕಾಣದ ಸಸ್ಯಕಣಗಳು ಕೋಟಿ ಕೋಟಿಯಾಗಿ ಹುಟ್ಟುತ್ತವೆ. ಈ ಬೆಳೆಯನ್ನು ನೇರವಾಗಿ ತಿಂದು ಬದುಕಬಲ್ಲ ಮೀನುಗಳು ಕೆಲವೇ. ಅವುಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಬೂತಾಯಿ. ಕುಂದಾಪುರದ ಕಡೆ ಅದು ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ವಿಜ್ಞಾನಿಗಳ ದಾಖಲೆಯಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್.

ಬೂತಾಯಿಯ ಕಿವಿರು ಬಿಡಿಸಿ ನೋಡಿದರೆ ಒಳಗೆ ಕೂದಲಿನಷ್ಟು ತೆಳುವಾದ ಎಳೆಗಳು ಒತ್ತೊತ್ತಾಗಿ ಕಾಣುತ್ತವೆ. ಮೀನು ಬಾಯಿ ತೆರೆದು ಈಜುತ್ತದೆ, ನೀರು ಕಿವಿರಿನ ಮೂಲಕ ಹೊರಗೆ ಹೋಗುತ್ತದೆ, ಸಸ್ಯಕಣಗಳು ಜರಡಿಯಲ್ಲಿ ಉಳಿದ ಹಾಗೆ ಆ ಎಳೆಗಳಲ್ಲಿ ಉಳಿಯುತ್ತವೆ. ಹೀಗೆ ಕಡಲಿನ ಹಸಿರು ಒಂದೇ ಹೆಜ್ಜೆಯಲ್ಲಿ ಮೀನಿನ ಮೈಯ ಎಣ್ಣೆಯಾಗುತ್ತದೆ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ–3 ಕೊಬ್ಬು ಇರುವುದು ಈ ಎಣ್ಣೆಯಲ್ಲೇ. ಮಳೆಗಾಲ ಮುಗಿದ ಮೇಲಿನ ಬೂತಾಯಿ ಕಾವಲಿಯ ಮೇಲೆ ತನ್ನ ಎಣ್ಣೆಯಲ್ಲೇ ಬೇಯುವುದಕ್ಕೂ ಇದೇ ಕಾರಣ. ಅಂಜಲ್, ಕೇದರ, ಡಾಲ್ಫಿನ್, ಕಡಲಹಕ್ಕಿ ಎಲ್ಲವೂ ಬೂತಾಯಿಯ ಹಿಂಡುಗಳನ್ನು ಬೆನ್ನಟ್ಟುತ್ತವೆ. ಅದು ಇಲ್ಲವಾದರೆ ನಷ್ಟ ಮೀನು ಮಾರುಕಟ್ಟೆಗೆ ಮಾತ್ರ ಅಲ್ಲ.

ಇಷ್ಟೆಲ್ಲರ ಬಾಯಿಗೆ ಬಿದ್ದೂ ಬೂತಾಯಿ ಉಳಿದು ಬಂದಿರುವುದು ಬೇಗ ಬೆಳೆದು ಹೇರಳವಾಗಿ ಮೊಟ್ಟೆಯಿಡುವುದರಿಂದ. ಅದರ ಆಯಸ್ಸು ಹೆಚ್ಚೆಂದರೆ ಎರಡೂವರೆ ಮೂರು ವರ್ಷ. ಹುಟ್ಟಿದ ವರ್ಷದೊಳಗೇ, ಸುಮಾರು 15 ಸೆಂ.ಮೀ. ಉದ್ದವಾದಾಗ, ಮೊದಲ ಸಲ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಹೆಚ್ಚಿನವು ಮುಂಗಾರಿನ ತಿಂಗಳುಗಳಲ್ಲೇ. ಮೊಟ್ಟೆ ಒಡೆದು ಬಂದ ಮರಿಗೆ ಆ ವಾರ ಆಹಾರ ಸಿಕ್ಕಿತೋ ಬದುಕು, ಇಲ್ಲವೋ ಅಲ್ಲಿಗೇ ಮುಗಿಯಿತು. ಮಳೆ ತಡವಾದರೆ, ನೀರು ಬಿಸಿಯಾದರೆ, ತಣ್ಣನೆಯ ನೀರು ಮೇಲೇಳದಿದ್ದರೆ ಒಂದು ವರ್ಷದ ಸಂತಾನ ಬಹುಪಾಲು ಅಳಿದುಹೋಗುತ್ತದೆ. ಹಾಗಾಗಿ ಬೂತಾಯಿಯ ಲೆಕ್ಕ ಯಾವಾಗಲೂ ಏರಿಳಿತದ್ದೇ. ನೂರು ವರ್ಷಗಳ ಹಿಂದೆಯೂ ಕೆಲವು ವರ್ಷ ದಡದಲ್ಲಿ ರಾಶಿ ಬಿದ್ದು, ಎಣ್ಣೆ ತೆಗೆದ ಹಿಂಡಿಯನ್ನು ಕಾಫಿ ತೋಟಗಳಿಗೆ ಗೊಬ್ಬರವಾಗಿ ಕಳಿಸುತ್ತಿದ್ದರು. ಇನ್ನು ಕೆಲವು ವರ್ಷ ಬಲೆ ಖಾಲಿ. 1940ರ ದಶಕದಲ್ಲಿ ಬೂತಾಯಿ ತೀರಾ ಕಡಿಮೆಯಾದಾಗ, ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸ್ ಸರಕಾರ ಮರಿಮೀನು ಹಿಡಿಯುವುದಕ್ಕೆ ಕೆಲಕಾಲ ನಿರ್ಬಂಧ ಹಾಕಿತ್ತು. ಮರಿಯನ್ನು ಬಿಡಬೇಕೆಂಬ ತಿಳಿವಳಿಕೆ ಹೊಸದೇನಲ್ಲ.

ಈಚಿನ ಏರಿಳಿತಗಳಲ್ಲಿ ಕೇರಳದ ಅಂಕಿಗಳಂತೂ ಭಯ ಹುಟ್ಟಿಸುತ್ತವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಂತೆ, 2012ರಲ್ಲಿ ಅಲ್ಲಿ 3.9 ಲಕ್ಷ ಟನ್ನಿನಷ್ಟು ಬೂತಾಯಿ ದಡ ಸೇರಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರು ಪಾಲಿನಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ನಡುವೆ, ಕಡಲನ್ನು ಬಿಸಿಯಾಗಿಸುವ ಎಲ್ ನಿನೋ 2015–16ರಲ್ಲಿ ಬಲವಾಗಿ ಬಂದುಹೋಗಿತ್ತು. ಅದಕ್ಕೂ ಮೊದಲು, ಮೀನು ಹೇರಳವಾಗಿದ್ದ ವರ್ಷಗಳಲ್ಲಿ, ಮಿತಿಮೀರಿ ಹಿಡಿದದ್ದೂ ಆಗಿತ್ತು. 2023ರ ಹೊತ್ತಿಗೆ ಕೇರಳದಲ್ಲಿ ಬೂತಾಯಿ ಮತ್ತೆ ಲಕ್ಷ ಟನ್ ದಾಟಿತು. ‘ನೋಡಿ, ತಾನಾಗಿ ಬಂತಲ್ಲ, ಇನ್ನೇಕೆ ನಿರ್ಬಂಧ’ ಎಂದು ಕೇಳುವವರಿದ್ದಾರೆ. ನನಗೆ ಆ ವಾದ ಅಪಾಯಕಾರಿ ಎನಿಸುತ್ತದೆ. ಕಡಲು ಕೆಟ್ಟ ವರ್ಷದಲ್ಲಿ ಅಷ್ಟಿಷ್ಟು ತಾಯಿಮೀನು ಉಳಿದಿದ್ದರೆ ಮಾತ್ರ ಒಳ್ಳೆಯ ವರ್ಷದಲ್ಲಿ ಹಿಂಡು ಮರಳುತ್ತದೆ. ಗಾಳಿ, ಮಳೆ, ನೀರಿನ ಬಿಸಿ ನಮ್ಮ ಕೈಯಲ್ಲಿಲ್ಲ, ಅರಬ್ಬಿ ಸಮುದ್ರವಂತೂ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ. ತಾಯಿಮೀನು ಎಷ್ಟು ಉಳಿಯಬೇಕೆಂಬುದು ಮಾತ್ರ ಬಹುಮಟ್ಟಿಗೆ ನಮ್ಮ ಬಲೆಯ ಮೇಲೆ ನಿಂತಿದೆ.

ನಮ್ಮ ಕರಾವಳಿಯಲ್ಲಿ ಹಿಂದೆ ಬೂತಾಯಿ, ಬಂಗುಡೆ ಹಿಡಿಯುತ್ತಿದ್ದದ್ದು ರಂಪಣಿ ಬಲೆ. ಕಿಲೋಮೀಟರಿನಷ್ಟು ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಸುತ್ತುಬಿಟ್ಟು, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಮೀನು ತೀರಕ್ಕೆ ಬಂದರೆ ಬಲೆ ಬೀಳುತ್ತಿತ್ತು, ಬಾರದಿದ್ದರೆ ಕಾಯಬೇಕಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಹಿಂಡು ಎಲ್ಲಿದೆಯೋ ಅಲ್ಲಿಗೇ ಹೋಗಿ ಸುತ್ತುವರಿದು, ಬಲೆಯ ಅಡಿಯನ್ನು ಹಗ್ಗದಿಂದ ಬಿಗಿದು ಎತ್ತುವ ವಿಧಾನ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಈಚಿನದು ಬೆಳಕಿನ ಮೀನುಗಾರಿಕೆ. ಬೋಟಿನಲ್ಲಿ ಜನರೇಟರ್ ಇಟ್ಟು ರಾತ್ರಿ ಪ್ರಖರವಾದ ಎಲ್‌ಇಡಿ ದೀಪಗಳನ್ನು ನೀರಿಗೆ ಹಿಡಿಯುತ್ತಾರೆ. ಬೆಳಕಿಗೆ ಸೂಕ್ಷ್ಮಜೀವಿಗಳು, ಅವುಗಳ ಬೆನ್ನಿಗೆ ಸಣ್ಣ ಮೀನು, ಬೊಂಡಾಸು, ಮರಿ, ತಾಯಿ ಎಲ್ಲವೂ ಒಂದೆಡೆ ಸೇರುತ್ತವೆ, ಬಲೆ ಎಲ್ಲವನ್ನೂ ಬಾಚುತ್ತದೆ. ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲ್‌ನದೂ ಇದೇ ಕಥೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಇವೆರಡನ್ನೂ ನಿಷೇಧಿಸಿತು. ಆದರೂ ನಾಡದೋಣಿಯವರು ಪದೇಪದೇ ಬೀದಿಗಿಳಿದು ಪ್ರತಿಭಟಿಸಬೇಕಾಗಿ ಬಂದಿದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಇದೆಯಲ್ಲ, ಅದು ಸಾಲದೇ? ಆ ರಜೆಯಿಂದ ಮೊಟ್ಟೆಯಿಡುವ ತಾಯಿಗೆ ಉಪಕಾರವಾಗುತ್ತದೆ, ನಿಜ. ಆದರೆ ಆ ಮುಂಗಾರಿನಲ್ಲಿ ಹುಟ್ಟಿದ ಮರಿಗಳು ಬೆರಳುದ್ದಕ್ಕೆ ಬಂದು ತೀರದ ಬಳಿ ಹಿಂಡುಗಟ್ಟುವುದು ರಜೆ ಮುಗಿದು ಬೋಟುಗಳು ಹೊರಡುವ ಹೊತ್ತಿಗೇ. ಕಾದು ಕಾಪಾಡಿದ್ದು ಮೊದಲ ವಾರಗಳಲ್ಲೇ ಬಲೆಗೆ ಬೀಳುತ್ತದೆ.

ಆ ಮರಿಯನ್ನು ಹಿಡಿದು ಏನು ಮಾಡುತ್ತಾರೆ? ಪ್ರಶ್ನೆಯ ಬೇರು ಇರುವುದು ಇಲ್ಲಿ. ಬೆರಳುದ್ದದ ಮೀನಿನಲ್ಲಿ ಮುಳ್ಳು ತೆಗೆದರೆ ತಿನ್ನಲು ಏನೂ ಉಳಿಯದು. ಹಿಂದೆ ಅದಕ್ಕೆ ಬೆಲೆಯೇ ಇರಲಿಲ್ಲ. ಫಿಶ್‌ಮೀಲ್ ಕಾರ್ಖಾನೆಗಳು ಅದಕ್ಕೆ ಬೆಲೆ ಕಟ್ಟಿದವು. ಮೀನನ್ನು ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿಮೀನು ಬೇಕು. ಪುಡಿ ಸಿಗಡಿ ಕೆರೆಗೂ ಕೋಳಿ ಆಹಾರಕ್ಕೂ ಹೋಗುತ್ತದೆ. ಮೀನು ರಾಶಿ ಬಿದ್ದು ಕೊಳೆಯುವ ದಿನಗಳಲ್ಲಿ ಈ ಕಾರ್ಖಾನೆಗಳು ಮೀನುಗಾರರ ಕೈಹಿಡಿದದ್ದೂ ಉಂಟು, ಅದನ್ನು ಮರೆಯಬಾರದು. ಆದರೆ ಡೀಸೆಲ್ ಬೆಲೆ ಏರಿ, ಸಾಲದ ಕಂತು ಕತ್ತಿನ ಮೇಲೆ ಕೂತಿರುವ ಬೋಟಿನವರಿಗೆ ಯಾವ ಗಾತ್ರದ ಮೀನಾದರೂ ಹಣವಾಗುತ್ತದೆಂದು ಗೊತ್ತಾದ ಮೇಲೆ, ಮರಿಯನ್ನು ಬಿಡಲು ಕಾರಣವೇ ಉಳಿಯುವುದಿಲ್ಲ. ಇಂದು ಕೆಲವು ರೂಪಾಯಿಗೆ ಪುಡಿಯಾಗುವ ಒಂದು ಕಿಲೋ ಮರಿ, ಆರು ತಿಂಗಳು ಕಡಲಲ್ಲಿದ್ದರೆ ಹಲವು ಕಿಲೋ ಬೂತಾಯಿಯಾಗಿ ಅದೇ ಬೋಟಿಗೆ ಬರುತ್ತಿತ್ತು. ನಷ್ಟವೂ ಅವರದೇ.

ಜಗತ್ತಿನಲ್ಲೇ ಅತಿ ಹೆಚ್ಚು ಫಿಶ್‌ಮೀಲ್ ತಯಾರಿಸುವ ಪೆರು ದೇಶ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 1970ರಲ್ಲಿ ಅಲ್ಲಿ 120 ಲಕ್ಷ ಟನ್ನಿಗೂ ಹೆಚ್ಚು ಆಂಚೊವೆಟಾ ಮೀನು ಹಿಡಿದರು. 1972ರ ಎಲ್ ನಿನೋ ಬಂದಾಗ ಉದ್ಯಮವೇ ಕುಸಿಯಿತು. ಈಗ ಅಲ್ಲಿ ಪ್ರತಿ ಹಂಗಾಮಿಗೆ ಮೊದಲು ಪರೀಕ್ಷೆಗೆಂದು ಬಲೆ ಹಾಕಿ ನೋಡುತ್ತಾರೆ. 2023ರಲ್ಲಿ ಹಾಗೆ ನೋಡಿದಾಗ ಮರಿಗಳೇ ವಿಪರೀತ ಕಂಡವು. ಸರಕಾರ ಉತ್ತರ ಮತ್ತು ಮಧ್ಯ ತೀರದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಆ ಮೀನಿನ ಪುಡಿಯನ್ನೇ ನಂಬಿದ ದೇಶ ಅಷ್ಟು ಗಟ್ಟಿ ನಿರ್ಧಾರ ತೆಗೆದುಕೊಳ್ಳುವುದಾದರೆ ನಮಗೆ ಯಾಕಾಗದು?

ನಮ್ಮಲ್ಲೂ ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. ಕೇರಳ 2015ರಲ್ಲೇ ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರ ಗೊತ್ತುಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಟ್ರಾಲ್ ಬಲೆಯ ತುದಿ ಚೀಲದ ಕಣ್ಣು 35 ಮಿ.ಮೀ. ಚೌಕದ್ದಾಗಿರಬೇಕೆಂಬ ನಿಯಮವಿದೆ. ವಜ್ರಾಕಾರದ ಕಣ್ಣು ಬಲೆ ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕದ ಕಣ್ಣು ತೆರೆದೇ ಇರುತ್ತದೆ, ಮರಿ ನುಸುಳಿ ಪಾರಾಗುತ್ತದೆ. ಇಷ್ಟು ಸರಳ ಉಪಾಯ. ತೊಡಕಿರುವುದು ಕಾವಲಿನಲ್ಲಿ. ಇಷ್ಟು ದೊಡ್ಡ ಕಡಲನ್ನು ಕೆಲವು ಗಸ್ತು ದೋಣಿಗಳಿಂದ ಕಾಯುವುದು ಕಷ್ಟ. ಆದರೆ ಮರಿಮೀನು ಕೊನೆಗೆ ಬಂದು ಸೇರುವ ಬಂದರುಗಳು, ಕಾರ್ಖಾನೆಯ ಗೇಟುಗಳು ಬೆರಳೆಣಿಕೆಯಷ್ಟು. ತೂಕ ನೋಡುವಲ್ಲೇ ಅಳತೆಯನ್ನೂ ನೋಡಬಹುದು. ಮರಿ ತುಂಬಿದ ಲಾರಿಯನ್ನು ಗೇಟಿನಲ್ಲೇ ತಡೆದರೆ, ಕಡಲಿನಲ್ಲಿ ಬಲೆ ಹಾಕುವವರ ಕೈ ತಾನಾಗಿ ಹಿಂದೆ ಸರಿಯುತ್ತದೆ. ಮರಿಯೇ ಹೆಚ್ಚಾಗಿದ್ದು ಬಲೆ ಹಾಕದೆ ಕೂರಬೇಕಾದ ವರ್ಷ ಮೀನುಗಾರರ ಹೊಟ್ಟೆಗೆ ಸರಕಾರ ನೆರವಾಗಬೇಕು, ರಜೆಯ ಎರಡು ತಿಂಗಳಿಗಷ್ಟೇ ಅದು ಸೀಮಿತವಾಗಬಾರದು.

ಮೀನು ಕೊಳ್ಳುವವರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಮಾರುಕಟ್ಟೆಗೆ ಹೋದಾಗ ಬುಟ್ಟಿಯ ಬೂತಾಯಿಯನ್ನು ನಿಮ್ಮ ಅಂಗೈಗೆ ಅಡ್ಡ ಇಟ್ಟು ನೋಡಿ. ಅಂಗೈಯ ಅಗಲಕ್ಕಿಂತ ಚಿಕ್ಕದಾಗಿದ್ದರೆ ಅದು ಮರಿ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ, ಯಾಕೆಂದು ಮಾರುವವರಿಗೂ ತಿಳಿಸಿ ಹೇಳಿ.