ಮೂರು ಕಿಲೋಮೀಟರಿನ ನೆಗೆತಕ್ಕೆ ಎಷ್ಟು ಬೆಲೆ?

ಕಾರವಾರದ ನೌಕಾನೆಲೆಯನ್ನು ತವರಾಗಿಸಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯ ಯುದ್ಧನೌಕೆಯ ಉದ್ದ 284 ಮೀಟರ್. ವೇಗ ಸುಮಾರು 30 ನಾಟ್, ಅಂದರೆ ಗಂಟೆಗೆ 55 ಕಿಲೋಮೀಟರ್. ಈಗ ‘ಫ್ರೀಸ್ಪೇಸ್ 2’ ಎಂಬ ಕಂಪ್ಯೂಟರ್ ಗೇಮಿಗೆ ಬನ್ನಿ. ಕತೆ ನಡೆಯುವುದು 24ನೆಯ ಶತಮಾನದಲ್ಲಿ. ಅಲ್ಲಿಯ ಓರಿಯನ್ ವರ್ಗದ ಯುದ್ಧನೌಕೆ ಎರಡು ಕಿಲೋಮೀಟರ್ ಉದ್ದ, ಒಳಗೆ 10,000 ಮಂದಿ. ವೇಗ ಮಾತ್ರ ಸೆಕೆಂಡಿಗೆ ಸುಮಾರು 15 ಮೀಟರ್. ಗುಣಿಸಿದರೆ ಗಂಟೆಗೆ 54 ಕಿಲೋಮೀಟರ್! ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ನಾಗರಿಕತೆಯ ಮಹಾನೌಕೆ ನಮ್ಮ ಕಾರವಾರದ ಹಡಗನ್ನು ಹಿಂದಿಕ್ಕಲಾರದು.

ಇದು ಗೇಮ್ ಕಟ್ಟಿದವರ ಎಡವಟ್ಟಲ್ಲ. ಆಡುವವನು ಕೂರುವುದು ಪುಟ್ಟ ಫೈಟರ್ ವಿಮಾನದಲ್ಲಿ. ದೊಡ್ಡ ಹಡಗು ಸುಯ್ಯನೆ ಓಡಿಬಿಟ್ಟರೆ ಅದರ ಸುತ್ತ ಸುಳಿದು ಅದರ ತೋಪುಗಳನ್ನು ಒಂದೊಂದಾಗಿ ಒಡೆಯುವ ಮಜಾ ಎಲ್ಲಿ ಉಳಿದೀತು? ಹಾಗಾಗಿ ದೈತ್ಯರನ್ನು ತೆವಳಲು ಬಿಟ್ಟಿದ್ದಾರೆ. ಓರಿಯನ್ ತನ್ನ ಉದ್ದದಷ್ಟು ಮುಂದೆ ಸರಿಯಬೇಕಾದರೆ ಎರಡು ನಿಮಿಷ ದಾಟುತ್ತದೆ. ಕೊಲೊಸಸ್ ಎಂಬ ಇನ್ನೊಂದು ಹಡಗಂತೂ ಆರು ಕಿಲೋಮೀಟರ್ ಉದ್ದ, ಸಿಬ್ಬಂದಿ 30,000, ಕಟ್ಟಲು ಹಿಡಿದದ್ದು 20 ವರ್ಷ. ಇಪ್ಪತ್ತೊಂದು ವಿಕ್ರಮಾದಿತ್ಯಗಳನ್ನು ಸಾಲಾಗಿ ನಿಲ್ಲಿಸಿದರೆ ಅದಕ್ಕೆ ಸಮ.

ಇಂಥ ಎರಡು ಹಡಗುಗಳು ಎದುರಾದರೆ ಯಾರು ಯಾರ ಬೆನ್ನಿಗೆ ಹೋಗುವುದು? ಮೂರು ಕಿಲೋಮೀಟರ್ ಸುತ್ತಿ ಬರುವಷ್ಟರಲ್ಲಿ 200 ಸೆಕೆಂಡು ಮುಗಿದಿರುತ್ತದೆ. ಅಷ್ಟರಲ್ಲಿ ಎದುರಾಳಿಯ, ಶಕ್ತಿಕಿರಣ ಉಗುಳುವ ಬೀಮ್ ತೋಪುಗಳು ಹಲವು ಸುತ್ತು ಉರಿದು, ತಣಿದು, ಮತ್ತೆ ಉರಿದಿರುತ್ತವೆ. ಚುಕ್ಕಾಣಿ ತಿರುಗಿಸಿ ಗೆಲ್ಲುವ ಯುದ್ಧವಲ್ಲ ಇದು.

ವೊಲಿಶನ್ ಕಂಪನಿ ಈ ಗೇಮನ್ನು 1999ರಲ್ಲಿ ಮಾರುಕಟ್ಟೆಗೆ ಬಿಟ್ಟಿತು, 2002ರಲ್ಲಿ ಅದರ ಮೂಲಕೋಡನ್ನು ಬಹಿರಂಗಗೊಳಿಸಿತು. ಅಲ್ಲಿಂದಾಚೆ ಅಭಿಮಾನಿಗಳದ್ದೇ ರಾಜ್ಯ. ಕಾಸಿನ ಆಸೆಯಿಲ್ಲದೆ ಎಂಜಿನ್ನನ್ನು ತಿದ್ದಿ ಬೆಳೆಸಿದರು, ಹೊಸ ಹಡಗು ಮಾಡಿದರು, ಹೊಸ ಕತೆಗಳನ್ನು ಹೆಣೆದರು. ಅವುಗಳಲ್ಲಿ ‘ಬ್ಲೂ ಪ್ಲ್ಯಾನೆಟ್’ ಎಂಬ ಸರಣಿ ಒಂದು ಸರಳ ಪ್ರಶ್ನೆ ಎತ್ತಿಕೊಂಡಿತು. ಹಡಗಿಗೆ ನಕ್ಷತ್ರಗಳ ನಡುವೆ ನೆಗೆಯುವ ‘ಸಬ್‌ಸ್ಪೇಸ್’ ಎಂಜಿನ್ ಇದ್ದೇ ಇದೆ. ಅದೇ ಎಂಜಿನ್ನಿನಿಂದ ರಣರಂಗದೊಳಗೇ ಯಾಕೆ ನೆಗೆಯಬಾರದು?

ಆಡುವವರ ಬಾಯಲ್ಲಿ ಇದು ‘ಶಾಕ್ ಜಂಪ್’. ಎಲ್ಲೋ ದೂರದಲ್ಲಿ, ಯಾರ ಕಣ್ಣಿಗೂ ಬೀಳದೆ, ಹಡಗು ತನ್ನ ಬೀಮ್ ತೋಪುಗಳಿಗೆ ಪೂರ್ತಿ ಶಕ್ತಿ ತುಂಬಿಕೊಳ್ಳುತ್ತದೆ. ಗುರಿಯಾದ ಹಡಗಿನ ಹಿಂಬದಿಯಲ್ಲಿ, ತೋಪುಗಳು ಕಡಿಮೆ ಇರುವ ಮಗ್ಗುಲಲ್ಲಿ, ಒಂದು ನೀಲಿ ಸುಳಿ ತೆರೆದುಕೊಳ್ಳುತ್ತದೆ. ಅದರೊಳಗಿಂದ ಮೊದಲು ಮೂತಿ, ಆಮೇಲೆ ನಡು. ಬಾಲ ಪೂರ್ತಿ ಹೊರಬರುವ ಮೊದಲೇ ಬೆಂಕಿಯ ಕಂಬಗಳು ಹೊರಟಿರುತ್ತವೆ. ಬಲಿಪಶುವಿಗೆ ಮಗ್ಗುಲು ಬದಲಿಸಲು ನಿಮಿಷಗಟ್ಟಲೆ ಬೇಕು, ಬಂದವನಿಗೆ ಕೆಲಸ ಮುಗಿಸಲು ಸೆಕೆಂಡುಗಳು ಸಾಕು. ಆದರೆ ಬಂದವನ ಜಂಪ್ ಎಂಜಿನ್ ಈಗ ಬರಿದಾಗಿದೆ. ಅದು ತುಂಬುವವರೆಗೆ ಅವನೂ ಗಂಟೆಗೆ ಐವತ್ತೋ ಅರವತ್ತೋ ಕಿಲೋಮೀಟರಿನಲ್ಲಿ ತೆವಳುವ ದೈತ್ಯನೇ. ಜಾಣ ದಳಪತಿ ಮೊದಲ ಏಟಿಗೆ ತತ್ತರಿಸದೆ ಆ ಬಿಡುವಿನಲ್ಲೇ ಅವನನ್ನು ಹಿಡಿಯುತ್ತಾನೆ.

ಇದನ್ನು ನಿಜದ ಎಂಜಿನ್ನಿನಿಂದ ಮಾಡಲು ಹೊರಟರೆ? ನಿಂತ ಹಡಗು ಒಂದು ಸೆಕೆಂಡಿನಲ್ಲಿ ಮೂರು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲಬೇಕು ಅನ್ನಿ. ಅರ್ಧ ಸೆಕೆಂಡು ವೇಗ ಏರಿಸುವುದು, ಅರ್ಧ ಸೆಕೆಂಡು ಬ್ರೇಕ್. ಲೆಕ್ಕ ಹಾಕಿದರೆ ಭೂಮಿಯ ಗುರುತ್ವದ 1,220 ಪಟ್ಟು ಒತ್ತಡ. ತರಬೇತಾದ ಫೈಟರ್ ಪೈಲಟ್ ಒಂಬತ್ತು ಪಟ್ಟಿಗೇ ಹಲ್ಲು ಕಚ್ಚುತ್ತಾನೆ. ಅರವತ್ತು ಕಿಲೋ ತೂಗುವವರು ಆ ಒಂದು ಸೆಕೆಂಡು 73 ಟನ್ ತೂಗುತ್ತಾರೆ. ಹತ್ತು ಸಾವಿರ ಮಂದಿಯೂ ಗೋಡೆಯ ಬಣ್ಣವಾಗಿರುತ್ತಾರೆ. ಕತೆಗಾರರು ಬಾಹ್ಯಾಕಾಶಕ್ಕೇ ಒಂದು ಹಿಂಬಾಗಿಲು ಇಡಿಸಿದ್ದು ಸುಮ್ಮನೆ ಅಲ್ಲ.

ಭೌತಶಾಸ್ತ್ರಕ್ಕೆ ಕಟ್ಟದ ಬೆಲೆಯನ್ನು ಈ ಗೇಮುಗಳು ಬೇರೆ ಕಡೆ ವಸೂಲಿ ಮಾಡುತ್ತವೆ. 1992ರ ‘ಸ್ಟಾರ್ ಕಂಟ್ರೋಲ್ 2’ ಇನ್ನೊಂದು ಉದಾಹರಣೆ. ಅದರ ಕೋಡ್ ಬಿಡುಗಡೆಯಾದದ್ದೂ 2002ರಲ್ಲೇ, ಅಭಿಮಾನಿಗಳು ಅದನ್ನು ‘ದಿ ಉರ್‌-ಕ್ವಾನ್ ಮಾಸ್ಟರ್ಸ್’ ಎಂದು ಇಂದಿಗೂ ಉಚಿತವಾಗಿ ಹಂಚುತ್ತಿದ್ದಾರೆ. ಅದರಲ್ಲಿ ಅರಿಲೂ ಜನಾಂಗದ ತಟ್ಟೆಯಾಕಾರದ ಪುಟಾಣಿ ಹಡಗಿಗೆ ಆರೇ ಸಿಬ್ಬಂದಿ, ಎದುರಿನ ಡ್ರೆಡ್‌ನಾಟ್ ಎಂಬ ದೊಡ್ಡ ಹಡಗಿಗೆ 42. ಪುಟಾಣಿಯ ಬ್ಯಾಟರಿಯಲ್ಲಿ 20 ಅಂಕ, ಒಂದು ಜಂಪ್‌ಗೆ 3. ತುಂಬಿದ ಬ್ಯಾಟರಿಯಲ್ಲಿ ಆರು ನೆಗೆತ. ಎಲ್ಲಿ ಇಳಿಯುತ್ತೀರಿ ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಅದೃಷ್ಟ ಕೆಟ್ಟರೆ ಗ್ರಹದ ಹೊಟ್ಟೆಯೊಳಗೇ ಇಳಿದು ಸಾಯಬಹುದು.

ಆದರೆ ಈ ಜೂಜಿನ ಮೂಲಪುರುಷ ಇನ್ನೂ ಹಿಂದೆ ಇದ್ದಾನೆ. 1962, ಅಮೆರಿಕದ ಎಂಐಟಿ. ಪಿಡಿಪಿ-1 ಎಂಬ ಕಂಪ್ಯೂಟರಿನ ಬೆಲೆ 1,20,000 ಡಾಲರ್, ಅದರ ನೆನಪು 18 ಬಿಟ್ಟಿನ 4,096 ಪದಗಳು, ಇಂದಿನ ಲೆಕ್ಕದಲ್ಲಿ ಒಂಬತ್ತು ಕಿಲೋಬೈಟ್. ಬೆಳಕು ಮೂರು ಕಿಲೋಮೀಟರ್ ದಾಟುವ 10 ಮೈಕ್ರೋಸೆಕೆಂಡಿನಲ್ಲಿ ಅದು ಒಂದೇ ಒಂದು ಕೂಡುವ ಲೆಕ್ಕ ಮಾಡುತ್ತಿತ್ತು. ಅದರ ಮೇಲೆ ಸ್ಟೀವ್ ರಸೆಲ್ ಮತ್ತು ಗೆಳೆಯರು, ಯಾರೂ ಕೇಳದಿದ್ದರೂ, ಖುಷಿಗೆ ‘ಸ್ಪೇಸ್‌ವಾರ್’ ಬರೆದರು. ಎರಡು ಹಡಗು, ನಡುವೆ ಎಳೆಯುವ ಸೂರ್ಯ, ಹಡಗಿಗೆ 32 ಟಾರ್ಪೆಡೊ. ಹಿಂದಿನ ಆಕಾಶವನ್ನು ಪೀಟರ್ ಸ್ಯಾಮ್ಸನ್ ನಿಜವಾದ ನಕ್ಷತ್ರಪಟ ನೋಡಿ ತುಂಬಿದ. ಬೆಂಗಳೂರಿನ ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳೂ ಅದೇ ಪಟ್ಟಿಯವು.

ಮಾರ್ಟಿನ್ ಗ್ರೇಟ್ಸ್ ಸೇರಿಸಿದ್ದು ‘ಹೈಪರ್‌ಸ್ಪೇಸ್’. ಸಾವು ಮೈಮೇಲೆ ಬಂದಾಗ ಒತ್ತುವ ಕೊನೆಯ ಗುಂಡಿ. ಹಡಗು ಮಾಯವಾಗಿ, 1,024 ಅಡ್ಡ, 1,024 ಉದ್ದದ ಪರದೆಯಲ್ಲಿ ಇನ್ನೆಲ್ಲೋ ಮೂಡುತ್ತದೆ. ಎಷ್ಟು ಸಲ ಬಳಸಬಹುದು? ಕೋಡಿನ ತಲೆಯಲ್ಲೇ, ಬೇಕಾದವರು ತಿದ್ದಿಕೊಳ್ಳಲಿ ಎಂದು, ಅಂಕಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಹೈಪರ್‌ಸ್ಪೇಸ್‌ನ ಎದುರು ‘10’ ಎಂದಿದೆ. ಎಂಟರ ಬುಡದ ಎಣಿಕೆ ಅದು, ನಮಗೆ ಅದು 8. ಪಕ್ಕದ ಇನ್ನೊಂದು ಅಂಕಿ ಪ್ರತಿ ನೆಗೆತಕ್ಕೂ ‘ಅನಿಶ್ಚಿತತೆ’ಯನ್ನು ಎಂಟನೇ ಒಂದರಷ್ಟು ಏರಿಸುತ್ತದೆ. ಮೊದಲ ಸಲ ಹೊರಬರುವಾಗ ಸಿಡಿದು ಚೂರಾಗುವ ಸಾಧ್ಯತೆ ಎಂಟರಲ್ಲಿ ಒಂದು, ಎರಡನೆಯ ಸಲ ಎಂಟರಲ್ಲಿ ಎರಡು, ಮೂರನೆಯ ಸಲ ಮೂರು.

ಪೆನ್ನು ಹಿಡಿದು ಗುಣಿಸಿ. ಎರಡು ನೆಗೆತ ದಾಟಿ ಬದುಕುವವರು ನೂರಕ್ಕೆ 66. ಮೂರು ದಾಟುವವರು 41. ನಾಲ್ಕಕ್ಕೆ 21. ಐದು ನೆಗೆದೂ ಉಳಿಯುವವರು ಹದಿಮೂರರಲ್ಲಿ ಒಬ್ಬರು. ಏಳನ್ನೂ ದಾಟುವವರು 416ರಲ್ಲಿ ಒಬ್ಬರು. ಎಂಟನೆಯದು ಹೆಚ್ಚುಕಡಿಮೆ ಖಚಿತ ಸಾವು. ಎಣಿಕೆಯಲ್ಲಿ ಮಾತ್ರ ಅದನ್ನೂ ಸೇರಿಸಿಯೇ ಎಂಟು ಕೊಟ್ಟಿದ್ದಾರೆ, ಪುಣ್ಯಾತ್ಮರು.